ಮಗಳ ತಿರುಗುಬಾಟು

ಗೊತ್ತೇ ಇಲ್ಲದ ಭಾಷೆಯಿಂದ ಮನುಷ್ಯನಿಗೆ ಅಪಾಯವಿಲ್ಲ, ಸುಮ್ಮನೆ ತಲೆಯಾಡಿಸಿ ಬದುಕಬಹುದು. ಅರ್ಧ ಗೊತ್ತಿರುವ ಭಾಷೆಯೇ ಪ್ರಾಣ ತಿನ್ನುವುದು. ತುಮಕೂರಿನವನಾದ ನಾನು ಬ್ಯಾಂಕ್ ಕ್ಲರ್ಕಾಗಿ ವಿಶಾಖಪಟ್ಟಣಕ್ಕೆ ಬಂದು, ಎಂವಿಪಿ ಕಾಲೋನಿಯಲ್ಲಿ ಮನೆ ಹಿಡಿದು, ಮಗಳು ಮೇಘನಾಳನ್ನು ಅಲ್ಲೇ ಓದಿಸಿ ಬೆಳೆಸಿದೆ. ಅವಳ ತೆಲುಗು ಸಮುದ್ರ ದಾಟಿತು. ನನ್ನದು ಇನ್ನೂ ಬ್ಯಾಂಕಿನ ಕೌಂಟರ್ ದಾಟಿಲ್ಲ.

ಈಗ ಅವಳು ವಿಜಯವಾಡದ ಕಾಲೇಜಿನಲ್ಲಿದ್ದಾಳೆ, ವಾಸ ಭವಾನಿಪುರಂನ ಹುಡುಗಿಯರ ಹಾಸ್ಟೆಲಿನಲ್ಲಿ. ಮೊನ್ನೆ ಅಲ್ಲಿನ ವಾರ್ಡನಮ್ಮ ಫೋನ್ ಮಾಡಿದರು. ಲೈನು ಗೊರಗೊರ ಅನ್ನುತ್ತಿತ್ತು. "ಮೀ ಅಮ್ಮಾಯಿ... ತಿರುಗುಬಾಟು... ಆದಿವಾರಂ ಮೀರು ರಾವಾಲಿ ಸಾರ್" ಎಂದದ್ದಷ್ಟು ಕೇಳಿಸಿತು. ನಿಮ್ಮ ಮಗಳು, ಭಾನುವಾರ ನೀವು ಬರಬೇಕು ಎಂಬುದಷ್ಟು ತಿಳಿಯಿತು. ನಡುವಿನ ಮಾತನ್ನು ಹೆಂಡತಿ ಶಾರದೆಗೆ ಹೇಳಿದೆ.

"ತಿರುಗಾಟವಾ? ಯಾರ ಜೊತೇರೀ?" ಎಂದು ಅವಳು ಕುಕ್ಕರು ಹಾಗೇ ಬಿಟ್ಟು ಕೂತಳು.

ಮರುದಿನ ಬ್ಯಾಂಕಿನಲ್ಲಿ ಗೆಳೆಯ ಅಪ್ಪಾರಾವ್ ಗುಟ್ಟು ಬಿಡಿಸಿದ. "ತಿರುಗಾಟ ಅಲ್ಲ ಗುರುವುಗಾರೂ, ತಿರುಗುಬಾಟು ಅಂದರೆ ದಂಗೆ!" ಸಂಜೆ ಹೇಳಿದಾಗ ಶಾರದೆ ನಿಟ್ಟುಸಿರು ಬಿಟ್ಟು, "ದಂಗೆ ತಾನೆ? ಹಾಗಾದ್ರೆ ಪರವಾಗಿಲ್ಲ ಬಿಡಿ" ಎಂದಳು. ನನಗೆ ಮಾತ್ರ ದಿಗಿಲು ಹತ್ತಿತು. ದಂಗೆಯೆದ್ದವರನ್ನು ಕಾಲೇಜಿನವರು ಇಟ್ಟುಕೊಳ್ಳುತ್ತಾರೆಯೇ? ಮಗಳನ್ನೇ ಕೇಳೋಣವೆಂದರೆ ಶಾರದೆ ಬಿಡಲಿಲ್ಲ. "ಕೇಳಿದ್ರೆ ಹುಷಾರಾಗ್ತಾಳೆ. ಹೋಗೇ ನೋಡೋಣ."

ರೈಲಿನಲ್ಲಿ ಉದ್ದಕ್ಕೂ ಕ್ಷಮಾಪಣೆಯ ಮಾತನ್ನು ತೆಲುಗಿನಲ್ಲಿ ಉರು ಹೊಡೆದೆ. ಹಾಸ್ಟೆಲ್ ತಲುಪಿದರೆ ವಾರ್ಡನಮ್ಮ ನಗುನಗುತ್ತಾ ಕಾಫಿ ಕೊಟ್ಟು ಸಭಾಂಗಣದಲ್ಲಿ ಕೂರಿಸಿದರು. ವೇದಿಕೆಯ ಮೇಲೆ ಮೇಘನಾ, ಕೈಯಲ್ಲಿ ಮೈಕು. ವಿಷಯ ಇಷ್ಟೇ: ಕೊರಿಯಾದ ಒಂದು ಹಾಸ್ಯ ಸಿನಿಮಾ. ಅದರಲ್ಲಿ ಶಾಲೆಯ ಹುಡುಗರು ಮುಖ್ಯೋಪಾಧ್ಯಾಯರ ಕಾಟ ತಾಳಲಾರದೆ ದಂಗೆಯೇಳುತ್ತಾರೆ. ಅದನ್ನು ತೋರಿಸಿ, ಪೋಷಕರೆದುರು ಚರ್ಚೆ. ಬಂದ ಪೋಷಕರಲ್ಲಿ ನನ್ನ ಹೊರತು ಎಲ್ಲರೂ ತಾಯಂದಿರೇ. ತಿರುಗುಬಾಟು ಪೂರ್ತಿ ಪರದೆಯ ಮೇಲೆ! ನನ್ನ ಜೀವ ಅಲ್ಲೇ ಅರ್ಧ ತಣ್ಣಗಾಯಿತು.

ಚಿತ್ರದಲ್ಲಿ ವಿಯೆಟ್ನಾಂ ತಾಯಿಯ ಮಗನೊಬ್ಬನಿದ್ದಾನೆ. ಅವನ ಉಚ್ಚಾರಣೆಗೆ ಇಡೀ ತರಗತಿ ನಗುತ್ತದೆ. ಗಾಲಿಕುರ್ಚಿಯ ಹುಡುಗಿಯೊಬ್ಬಳು ಮೆರವಣಿಗೆಯ ಮುಂದೆ ಬ್ಯಾನರ್ ಹಿಡಿಯುತ್ತಾಳೆ. "ಎಲ್ಲರನ್ನೂ ಸೇರಿಸಿಕೊಂಡಿದ್ದಾರೆ, ಸರಿ," ಎಂದಳು ಮೇಘನಾ, ನನಗೂ ತಿಳಿಯುವಷ್ಟು ಬಿಡಿಸಿ ತೆಲುಗಿನಲ್ಲಿ. "ಆದರೆ ಈ ಹುಡುಗಿಗೆ ಒಂದೇ ಒಂದು ಮಾತೂ ಇಲ್ಲ. ಕೂತದ್ದು ಮುಂದೆ, ಲೆಕ್ಕಕ್ಕೆ ಹಿಂದೆ."

ಮಂಗಳಗಿರಿಯ ನೇಕಾರರ ಮನೆಯ ಹುಡುಗಿ ಎದ್ದು ನಿಂತಳು. "ಈ ಸಿನಿಮಾದಲ್ಲಿ ಇಂಥವರಿಗೆ ನಗೋಕಾದರೂ ಅವಕಾಶ ಇದೆ. ನಮ್ಮಂಥ ನೇಕಾರರನ್ನು ಸಿನಿಮಾದಲ್ಲಿ ತೋರಿಸೋದೇ ಅಳಿಸೋಕೆ. ನಮ್ಮ ಮನೇಲಿ ಯಾರೂ ಜೋಕು ಹೇಳೋದೇ ಇಲ್ಲವಾ? ನಮ್ಮ ತಾತ ಬಾಯಿ ಬಿಟ್ಟರೆ ಮಗ್ಗವೇ ನಗುತ್ತೆ!" ಸಭೆ ಚಪ್ಪಾಳೆ ತಟ್ಟಿತು.

ಆಮೇಲೆ ಮೇಘನಾ ಹೇಳಿದಳು: "ಚಿಕ್ಕವಳಿದ್ದಾಗ ವೈಜಾಗಿನ ಸ್ಕೂಲಲ್ಲಿ ನನ್ನ ತೆಲುಗಿಗೆ ನಗ್ತಿದ್ರು. ರಜಕ್ಕೆ ತುಮಕೂರಿಗೆ ಹೋದ್ರೆ ಈಗಲೂ ನನ್ನ ಕನ್ನಡಕ್ಕೆ ನಗ್ತಾರೆ. ಆ ಹುಡುಗ ಕೊನೆಗೆ ಮೈಕು ಕಿತ್ತುಕೊಂಡು ಅದೇ ಉಚ್ಚಾರಣೆಯಲ್ಲಿ ಹೆಡ್‌ಮಾಸ್ಟರಿಗೆ ಉತ್ತರ ಕೊಟ್ಟನಲ್ಲ, ಮೊದಲ ಸಲ ಅದನ್ನು ನೋಡಿದಾಗ ನಾನು ಎದ್ದು ನಿಂತು ಶಿಳ್ಳೆ ಹೊಡೆದೆ."

ಮಗಳು ಶಿಳ್ಳೆ ಹೊಡೆಯುತ್ತಾಳೆಂಬುದೇ ನನಗೆ ಹೊಸ ಸುದ್ದಿ. ಜನರ ನಗು ಅವಳಿಗೆ ಅಷ್ಟು ನಾಟಿತ್ತೆಂಬುದು ಅದಕ್ಕಿಂತ ಹೊಸತು. ಶಾರದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ವೇದಿಕೆಯ ಮೇಲೆ ಮೇಘನಾ ನಗುತ್ತಲೇ ಇದ್ದಳು. ಅದನ್ನು ಕಂಡು ನನ್ನ ಉಳಿದರ್ಧ ಜೀವವೂ ತಣ್ಣಗಾಯಿತು.

ಅಷ್ಟರಲ್ಲಿ ಅವಳು, "ಇಷ್ಟು ಹೆಂಗಸರ ಮಧ್ಯೆ ಒಬ್ಬರೇ ಗಂಡಸು ಕೂತಿದ್ದಾರೆ. ಇಲ್ಲಿ ಅವರೇ ಅಲ್ಪಸಂಖ್ಯಾತರು, ಮಾತಾಡಲಿ" ಎಂದು ಮೈಕನ್ನು ನನ್ನತ್ತ ಕಳಿಸಿಬಿಟ್ಟಳು. ಉರು ಹೊಡೆದದ್ದೆಲ್ಲ ಕ್ಷಮಾಪಣೆ. ಮೆಚ್ಚುಗೆಗೆ ಮಾತೇ ಇರಲಿಲ್ಲ. ಧೈರ್ಯ ಮಾಡಿ, "ತಿರುಗುಬಾಟು ಚಾಲಾ ಬಾಗುಂದಿ! ಪ್ರತಿ ಆದಿವಾರಂ ಚೇಯಂಡಿ!" ಎಂದುಬಿಟ್ಟೆ. ದಂಗೆ ಬಹಳ ಚೆನ್ನಾಗಿದೆ, ಪ್ರತಿ ಭಾನುವಾರ ಮಾಡಿ!

ಹುಡುಗಿಯರು ಶಿಳ್ಳೆಯಿಂದ ಸಭಾಂಗಣದ ಸೂರು ಹಾರಿಸಿದರು. ವಾರ್ಡನಮ್ಮನ ನಗು ಮಾತ್ರ ಮಾಯವಾಗಿತ್ತು. ಆ ಹಾಸ್ಟೆಲಿನಲ್ಲಿ ನಿಜವಾಗಿ ದಂಗೆಗೆ ಕುಮ್ಮಕ್ಕು ಕೊಟ್ಟವನು ಇಷ್ಟು ಕಾಲ ಮ್ಯಾನೇಜರ್ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ ಈ ಗುಮಾಸ್ತನೇ.