ನಡುವೆ ಕುರ್ಚಿ ಹಾಕುವ ಮೈದುನ

ನನ್ನ ಮೈದುನನಷ್ಟು ಕುರ್ಚಿಯ ಆಸೆ ಇರುವ ಮನುಷ್ಯ ಇಡೀ ಬೆಳಗಾವಿ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ! ಹಾಗೆಂದ ಕೂಡಲೇ ಚುನಾವಣೆಗೆ ನಿಂತವನೇನೋ ಎಂದುಕೊಳ್ಳಬೇಡಿ. ಚುನಾವಣೆಗೆ ನಿಲ್ಲುವವರ ಕುರ್ಚಿಯ ಮುಂದೆ ಮೇಜು ಇರುತ್ತದೆ. ನಮ್ಮವನ ಕುರ್ಚಿಯ ಎಡಕ್ಕೊಬ್ಬ, ಬಲಕ್ಕೊಬ್ಬ ಜಗಳಗಂಟ ಇರುತ್ತಾನೆ. ಕ್ಯಾನ್ವಾಸ್ ಬಟ್ಟೆಯ ಮಡಚುವ ಕುರ್ಚಿ ಅದು. ಎಲ್ಲಿ ಇಬ್ಬರು ಕೊರಳಪಟ್ಟಿ ಹಿಡಿದರೋ ಅಲ್ಲಿಗೆ ಅದನ್ನು ಬಗಲಲ್ಲಿಟ್ಟುಕೊಂಡು ಹೋಗಿ, ಸರಿಯಾಗಿ ಇಬ್ಬರ ನಡುವೆ ಬಿಚ್ಚಿ, ಕೂತುಬಿಡುತ್ತಾನೆ. ತಪ್ಪು ಯಾರದೆಂದು ಕೇಳುವುದಿಲ್ಲ. ಬುದ್ಧಿ ಹೇಳುವುದಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಗೆ ಹೋಗುವವರೆಗೆ ಏಳುವುದೂ ಇಲ್ಲ. ಇದಕ್ಕೆ ನೀವು ಏನನ್ನುತ್ತೀರಿ? ನಾನು ಹುಚ್ಚು ಅನ್ನುತ್ತೇನೆ. ಅವನು ಡ್ಯೂಟಿ ಅನ್ನುತ್ತಾನೆ.

ಅವನು ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು. ವಯಸ್ಸಿನಲ್ಲಿದ್ದಾಗ ಅವನ ಪಲ್ಟನ್ನಿನ ಕೆಲವರಿಗೆ ವಿಶ್ವಸಂಸ್ಥೆಯ ನೀಲಿ ಟೋಪಿ ತೊಡಿಸಿ ಆಫ್ರಿಕಾದ ಒಂದು ದೇಶಕ್ಕೆ ಕಳಿಸಿದ್ದರು. ಅಲ್ಲಿ ಎರಡು ಪಂಗಡಗಳು ಬಡಿದಾಡುತ್ತಿದ್ದವಂತೆ, ಇವರು ಹೋಗಿ ನಡುವೆ ಕೂರಬೇಕಂತೆ. ಮುಂದೆ ಪಿಂಚಣಿ ಆಯಿತು, ಖಾನಾಪುರ ತಾಲೂಕಿನ ನಮ್ಮ ಬೀಡಿ ಊರಿಗೆ ಬಂದು ಹೊಲ ಹಿಡಿದ. ಆದರೆ ನಡುವೆ ಕೂರುವ ಚಟ ಮಾತ್ರ ಹೋಗಲಿಲ್ಲ. ಕೆಲವರಿಗೆ ಮಿಲಿಟರಿಯಿಂದ ಬರುವಾಗ ರಮ್ಮಿನ ಚಟ ಅಂಟಿಕೊಂಡು ಬರುತ್ತದೆ. ರಮ್ಮೇ ವಾಸಿ, ಬೆಳಗಾಗುವುದರೊಳಗೆ ಇಳಿಯುತ್ತದೆ!

ಒಮ್ಮೆ ಬೀಡಿಯ ಹಿಟ್ಟಿನ ಗಿರಣಿಯಲ್ಲಿ ಇಬ್ಬರು ಹೆಂಗಸರಿಗೆ ಸರದಿಯ ಮೇಲೆ ಜಗಳ ಹತ್ತಿಕೊಂಡಿತು. ಒಬ್ಬಳದು ಜೋಳ, ಇನ್ನೊಬ್ಬಳದು ಗೋಧಿ. ಜೋಳ ಬೀಸಿದ ಕಲ್ಲಿಗೆ ಗೋಧಿ ಹಾಕಿದರೆ ನನ್ನ ಚಪಾತಿ ಹರಿಯುತ್ತದೆ ಎಂದು ಒಬ್ಬಳು ಮರಾಠಿಯಲ್ಲಿ. ನಿನ್ನ ಚಪಾತಿ ಹರಿದರೆ ನನಗೇನು ಎಂದು ಇನ್ನೊಬ್ಬಳು ಕನ್ನಡದಲ್ಲಿ. ಮಾತು ಹಿಟ್ಟು ಬಿಟ್ಟು, ಸತ್ತ ಅತ್ತೆಯರವರೆಗೂ ಹೋಯಿತು. ನಮ್ಮವನು ನಡುವೆ ಕುರ್ಚಿ ಹಾಕಿ ಕೂತ. ಮೀಸೆಯ ಮೇಲೆ ಹಿಟ್ಟು ಕೂತರೂ ಅಲ್ಲಾಡಲಿಲ್ಲ.

"ಯವ್ವಾ, ಒಂದ್ ವಾಟೆ ನೀರು ಸಿಗತೈತೇನು?" ಎಂದನಂತೆ.

"ಏ ಅಜ್ಜಾ, ನಿನಗ್ಯಾರ ಕರದಾರು? ಏಳ ಮ್ಯಾಲ!"

"ಉಠಾ ಓ ಆಜೋಬಾ! ಮಧ್ಯೇಚ ಕಾ ಬಸಲಾತ?"

ಭಾಷೆ ಎರಡು, ಅರ್ಥ ಒಂದೇ. ಇಬ್ಬರೂ ಕೂಡಿ ಅವನಿಗೆ ಬೈದರು, ಬೈದು ದಣಿದರು, ದಣಿದವರು ಒಬ್ಬರ ಡಬ್ಬಿ ಇನ್ನೊಬ್ಬರು ಎತ್ತಿಕೊಟ್ಟು ಜೊತೆಗೇ ಮನೆಗೆ ಹೋದರು.

"ನೋಡ್ರಿ ವೈನಿ, ಒಗ್ಗಟ್ಟಾತು," ಎಂದು ಅತ್ತಿಗೆಯಾದ ನನ್ನ ಮುಂದೆ ಮೀಸೆ ತಿರುವಿದ.

"ಆತಪಾ, ನಿನಗ ಬೈಯಾಕ!"

"ಬೈಯಲಿ ತಗೋರಿ. ಒಂದಾಗಿ ಬೈದ್ರಲ್ಲ!"

ಇಂಥವನಿಗೆ ಏನು ಹೇಳುತ್ತೀರಿ? ಇನ್ನೊಮ್ಮೆ ಖಾನಾಪುರದ ಬಸ್ಸಿನಲ್ಲಿ ಕಿಡಕಿಯ ಸೀಟಿಗಾಗಿ ಇಬ್ಬರು ತೋಳೇರಿಸಿದರು. ನಮ್ಮವನು ಸೀಟುಗಳ ನಡುವಿನ ಹಾದಿಯಲ್ಲೇ ಕುರ್ಚಿ ಬಿಚ್ಚಿದ.

"ಅಜ್ಜಾರ, ಇದಕ್ಕ ಲಗೇಜ್ ತಿಕೀಟ ತಗೋರಿ," ಎಂದ ಕಂಡಕ್ಟರ್.

"ನಾ ಡ್ಯೂಟಿ ಮ್ಯಾಲ ಅದೀನಿ."

"ನಾನೂ ಡ್ಯೂಟಿ ಮ್ಯಾಲ ಅದೀನ್ರೀ!"

ತಿಕೀಟು ತೆಗೆದುಕೊಂಡ. ಇಬ್ಬರೂ ಸುಮ್ಮನಾದರು, ಖರೆ. ಆದರೆ ಹಾದಿ ಕಟ್ಟಿತಲ್ಲ? ಹಿಂದೆ ಕೂತವರು ತಮ್ಮ ಊರಿನಲ್ಲಿ ಇಳಿಯಲಾಗದೆ ಮುಂದಿನ ಊರಿಗೆ ಹೋದರು. ಅವರು ಕಂಡಕ್ಟರನಿಗೆ ಬೈದರು, ಕಂಡಕ್ಟರ್ ಡ್ರೈವರನಿಗೆ ಬೈದ, ಡ್ರೈವರ್ ಬಸ್ಸನ್ನೇ ನಿಲ್ಲಿಸಿ ಕೆಳಗಿಳಿದ. ಒಂದು ಜಗಳ ಆರಿಸಲು ಹೋಗಿ ಬಸ್ಸಿನ ತುಂಬ ಜಗಳ ಬಿತ್ತಿದ! ದೊಡ್ಡ ದೇಶಗಳ ಕಥೆಯೂ ಇದೇ ಅಲ್ಲವೇ?

ದೊಡ್ಡ ದೇಶದ ಮಾತು ಯಾಕೆ ಬಂತೆಂದರೆ, ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಲ್ಲಿ ದಿನಾ ಸಂಜೆ ಅದೇ ಮಾತು. ಮಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮನೆಗೆ ಬಂದು ಟಿವಿಗೆ ಪಾಠ ಹೇಳುತ್ತಾನೆ. ಎಲ್ಲೋ ಎರಡು ದೇಶ ಬಡಿದಾಡುತ್ತಿದ್ದರೆ ಇವನು ಸೋಫಾದ ತುದಿಗೆ ಬಂದು ಕೂರುತ್ತಾನೆ.

"ದೊಡ್ಡ ದೇಶ ಅಂದ ಮ್ಯಾಲ ಸುಮ್ಮನ ಕುಂದರಬಾರದವ್ವಾ. ವಿಮಾನ ಕಳಸಿ ಎರಡ ದಿನದಾಗ ಮುಗಿಸಿಬಿಡಬೇಕು."

"ಏನ್ ಮುಗಸ್ತೀ? ಜಗಳಾನೋ, ಮಂದೀನೋ?"

ನನ್ನ ಮಾತು ಮೊದಲಿಂದಲೂ ಒಂದೇ. ಕರೆಯದ ಮನೆಗೆ ಹೋಗಬಾರದು. ಬಲ ಇದ್ದವನಂತೂ ಹೋಗಲೇಬಾರದು. ಬಲ ಇಲ್ಲದವನು ಜಗಳದ ನಡುವೆ ಹೋದರೆ ಎರಡೇಟು ತಿಂದು ಬುದ್ಧಿ ಕಲಿತು ಬರುತ್ತಾನೆ. ಬಲ ಇದ್ದವನಿಗೆ ಹೊಡೆಯುವವರೇ ಇಲ್ಲ, ಬುದ್ಧಿ ಬರುವುದೆಲ್ಲಿಂದ? ಪಂಚಾಯಿತಿ ಮಾಡಲು ಬಂದವನು ಪಡಸಾಲೆಯಲ್ಲಿ ಹಾಸಿಗೆ ಬಿಚ್ಚುತ್ತಾನೆ. ನಾಲ್ಕು ದಿನ ಬಿಟ್ಟು, ನಿಮ್ಮ ಬಾವಿಯ ನೀರು ಚಲೋ ಇದೆ ಅನ್ನುತ್ತಾನೆ. ಆಮೇಲೆ ಹಗ್ಗ, ಕೊಡ, ಬಾವಿ, ಎಲ್ಲಾ ಅವನದೇ!

ಮೈದುನ ಮನೆಗೆ ಬಂದಾಗಲೆಲ್ಲ ಇದಕ್ಕೆ ತಕರಾರು ತೆಗೆಯುತ್ತಾನೆ.

"ಹಂಗಂದ್ರ, ಬಾಜೂ ಮನ್ಯಾಗ ಕೊಲಿ ಆಗಾಕ ಹತ್ತಿದ್ರೂ ಬಾಗಲಾ ಹಾಕ್ಕೊಂಡು ಕುಂದರೂದೇನ್ರಿ ವೈನಿ?"

"ಹೋಗ್ರಿ, ಬ್ಯಾಡ ಅನ್ನೂದಿಲ್ಲ. ಬಂದೂಕ ಯಾಕ ತಗೊಂಡು ಹೋಗ್ತೀರಿ?"

"ಬಂದೂಕ ತೊಡಿ ಮ್ಯಾಲ ಇರಬೇಕ್ರಿ. ಕೈಯಾಗಲ್ಲ."

"ತೊಡಿಯಿಂದ ಕೈಗೆ ಎಷ್ಟ ದೂರ ಐತೋ?"

ಒಮ್ಮೆ ಹೀಗೆ ಕೇಳಿ ನಾನು ಬೆಳ್ಳುಳ್ಳಿಯ ಬುಟ್ಟಿಯನ್ನು ಅವನ ಮುಂದೆ ದೂಡಿದೆ. "ಮೊದಲ ಈ ಬಳ್ಳೊಳ್ಳಿ ಬಿಡಸು. ಆಮ್ಯಾಲ ದೇಶದ ಜಗಳಾ ಬಿಡಸೀಯಂತ." ಬಿಡಿಸಿದ. ಅರ್ಧ ಬೆಳ್ಳುಳ್ಳಿ ಸಿಪ್ಪೆಯ ಜೊತೆಗೇ ಹೋಯಿತು. ಹೊರಗಿನವರು ಬಿಡಿಸಿದರೆ ಹಾಗೇ!

ಹೀಗೆ ಜಗತ್ತಿನ ಕಾಳಜಿಯೆಲ್ಲ ನಮ್ಮ ಮನೆಯಲ್ಲೇ ನಡೆಯುತ್ತಿರುವಾಗ ಮೊಮ್ಮಗಳು ರಜೆಗೆ ಬಂದಳು. ಈ ಮಗನ ಒಬ್ಬಳೇ ಮಗಳು. ಇಲ್ಲಿನ ಮಿಲಿಟರಿ ಕ್ಯಾಂಪಿನಲ್ಲಿ ಜವಾನರ ಕವಾಯತು ನೋಡುತ್ತ, ಸಣ್ಣಜ್ಜನಾದ ನನ್ನ ಮೈದುನನ ಕಥೆ ಕೇಳುತ್ತ ಬೆಳೆದು, ತಾನೂ ಮಿಲಿಟರಿ ಸೇರಿದವಳು. ಚಹಾದ ಕಪ್ಪು ಕೆಳಗಿಟ್ಟು ಹೇಳಿದಳು:

"ನೀಲಿ ಟೋಪಿ ತಂಡಕ್ಕ ನನ್ನ ಹೆಸರು ಬಂದೈತಿ. ಅಲ್ಲಿ ಹಳ್ಳಿ ಹೆಂಗಸರ ಕೂಡ ಮಾತಾಡಾಕ ಹೆಣ್ಣು ಸಿಪಾಯಿಗಳು ಬೇಕಂತ. ಹೋಗ್ತೀನೋ ಇಲ್ಲೋ ಅಂತ ರಜಾ ಮುಗಿಯೂದ್ರೊಳಗ ಹೇಳಬೇಕು."

ಅಡುಗೆಮನೆಯಲ್ಲಿ ಸೊಸೆ ಲಟ್ಟಣಿಗೆ ಹಿಡಿದು ನಿಂತವಳು ನಿಂತೇ ಇದ್ದಳು. ಹಂಚಿನ ಮೇಲೆ ಚಪಾತಿ ಸುಟ್ಟ ವಾಸನೆ ಪಡಸಾಲೆಗೆ ಬಂತು. ಮಗ ಟಿವಿ ಬಂದ್ ಮಾಡಿದ.

"ಬ್ಯಾಡ. ಅವರ ಜಗಳಾ ಅವರಿಗೆ. ಮಂದಿ ದೇಶದ ಉಸಾಬರಿ ನಮಗ್ಯಾಕ?"

ಯುದ್ಧವನ್ನು ಎರಡು ದಿನದಲ್ಲಿ ಮುಗಿಸುವ ಗಂಡು ಎರಡು ಮಾತಿನಲ್ಲಿ ಮುಗಿದಿದ್ದ!

"ಯಾಕೋ ವಿಮಾನ ಕಳಸಾವ?" ಎಂದೆ. "ವಿಮಾನದಾಗ ಯಾರ ಮಕ್ಕಳೂ ಇರೂದಿಲ್ಲ ಅಂತ ತಿಳಿದಿದ್ಯೇನು?"

ಮೊಮ್ಮಗಳು ಬೀಡಿಗೆ ಫೋನು ಮಾಡಿದಳು, ಮರುದಿನದ ಬಸ್ಸಿಗೆ ಸಣ್ಣಜ್ಜ ಬಂದಿಳಿದ. ಇವನು ಡೋಲು ಬಾರಿಸಿಯೇ ಕಳಿಸುತ್ತಾನೆ ಎಂದು ನಾವೆಲ್ಲ ತಿಳಿದಿದ್ದೆವು. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

"ಅಲ್ಲೊಬ್ಬಾಕಿ ಮುದುಕಿ ಇದ್ಲು," ಎಂದ. "ದಿನಾ ಮುಂಜಾನೆ ನಮ್ಮ ಚೌಕಿ ಮುಂದ ಬಂದು ಬೈತಿದ್ಲು. ಮಾತು ತಿಳೀತಿರಲಿಲ್ಲ. ಬೈಗಳಾ ಅನ್ನೂದು ತಿಳೀತಿತ್ತು."

"ನಮ್ಮ ಆಯಿ ಹಂಗ," ಎಂದಳು ಮೊಮ್ಮಗಳು ನನ್ನ ಕಡೆ ನೋಡಿ.

"ಥೇಟ್ ನಿಮ್ಮ ಆಯಿ. ಒಂದಿನಾ ನಮಗ ಹುಕುಂ ಬಂತು, ಏಳ್ರಿ, ಲಾರಿ ಹತ್ರಿ ಅಂತ. ಬಡದಾಡೂ ಮಂದಿ ಎರಡೂ ಕಡೆ ಹಂಗೇ ಇದ್ರು. ನಾವು ಎದ್ವಿ. ಆ ಮುದುಕಿ ಅವತ್ತ ಬೈಲಿಲ್ಲ. ಲಾರಿ ಹಿಂದಿನ ಬಾಗಲಾ ಹಿಡಕೊಂಡು ಓಡಿ ಬಂದ್ಲು. ನಾ ದಿನಾ ಕುಂದರತಿದ್ದ ಜಾಗಾ ಕೈಮಾಡಿ ತೋರಿಸಿದ್ಲು. ಆ ಮಾತೊಂದು ತಿಳೀತು ನೋಡು."

"ಮುಂದ?"

"ಲಾರಿ ಜೋರಾತು. ಕೈ ಬಿಟ್ಲು."

"ಅಕಿಗೇನಾತು, ಸಣ್ಣಜ್ಜಾ?"

"ಗೊತ್ತಿಲ್ಲವ್ವಾ. ಎದ್ದು ಬಂದವರಿಗೆ ಅದು ಗೊತ್ತಾಗೂದಿಲ್ಲ." ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತ. "ಹೋಗು ಅನ್ನೂದಿಲ್ಲ, ಬ್ಯಾಡ ಅನ್ನೂದಿಲ್ಲ. ಕುಂದರೂದು ಹೆಂಗ ಅಂತ ಅವರು ಕಲಸ್ತಾರ. ಎದ್ದು ಬರೂದು ಯಾರೂ ಕಲಸೂದಿಲ್ಲ. ಅದಕ್ಕ ಹೇಳಿದೆ."

ಆಫ್ರಿಕಾದ ಸೊಳ್ಳೆ, ಆಫ್ರಿಕಾದ ಮಾವಿನಹಣ್ಣು, ಎಲ್ಲ ಕಥೆಗಳನ್ನೂ ನಾವು ಹತ್ತಾರು ಸಲ ಕೇಳಿದ್ದೆವು. ಇದನ್ನು ಕೇಳಿರಲಿಲ್ಲ.

ಮಗನಿಗೆ ಈಗ ನನ್ನ ನೆನಪಾಯಿತು. "ಅವ್ವಾ, ನೀನರ ಹೇಳು. ದಿನಾ ಹೇಳ್ತಿಯಲ್ಲ!" ಹುಟ್ಟಿದಾಗಿನಿಂದ ನನ್ನ ಒಂದು ಮಾತೂ ಕೇಳದ ಮಗ ಅಂದು ಎಂಥ ಆಜ್ಞಾಧಾರಕನಾಗಿದ್ದ, ನೀವು ನೋಡಬೇಕಿತ್ತು!

"ಹೂಂ ಆಯಿ, ನೀ ಏನಂತಿ?" ಎಂದಳು ಮೊಮ್ಮಗಳೂ.

"ದೊಡ್ಡ ದೇಶ ಮಂದಿ ಮನಿಗೆ ಬಂದೂಕ ತಗೊಂಡು ಹೋಗಬಾರದು," ಎಂದೆ. "ಇವತ್ತೂ ಅದನ್ನ ಅಂತೀನಿ, ನನ್ನ ಹೆಣಾ ಎತ್ತೂಮುಂದ ಕೇಳಿದ್ರೂ ಅದನ್ನ ಅಂತೀನಿ."

ಮಗನ ಮುಖ ಅರಳಿತು.

"ಆದ್ರ ಮಂದಿ ನಡುವ ಹೋಗಬಾರದು ಅನ್ನಾಕಿ ನಾನ. ಅಕಿ ಮತ್ತ ಅಕಿ ಕೆಲಸದ ನಡುವ ನಾ ಹೋಗ್ಲೇನು?"

"ಅಕೀನ ಕೇಳ್ಯಾಳಲ್ಲವ್ವಾ!"

"ಕೇಳ್ಯಾಳ, ಹೇಳೀನಿ. ಬಾಗಲಾ ಅಡ್ಡಗಟ್ಟು ಅಂತ ಯಾರೂ ಅಂದಿಲ್ಲ."

ಅವಳು ಹೋಗುತ್ತೇನೆಂದು ತಿಳಿಸಿದಳು. ಸೊಸೆ ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ರಜೆ ಮುಗಿದ ದಿನ ಬೆಳಗಾವಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆವು. ಯಾರೂ ಅಳಲಿಲ್ಲ. ಅತ್ತರೆ ನಾನು ಬೈಯುತ್ತೇನೆಂದು ಎಲ್ಲರಿಗೂ ಗೊತ್ತು.

ಅಲ್ಲಿಂದ ಮೈದುನನನ್ನು ಬೀಡಿಯ ಬಸ್ಸಿಗೆ ಬಿಡಲು ನಾನೇ ಹೋದೆ. ಎರಡೂ ಕೈಯಿಂದ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಹತ್ತಿದ. ಯಾವಾಗ ಇಷ್ಟು ಮುದುಕನಾದ ಇವನು?

"ಬಿಪಿ ಗುಳಿಗಿ ದಿನಾ ನುಂಗ್ತೀಯೋ, ಇಲ್ಲೋ?"

"ನೆನಪಾದ್ರ ನುಂಗ್ತೀನ್ರಿ. ಯಾಕ್ರಿ ವೈನಿ, ಒಮ್ಮಿಂದೊಮ್ಮೆ ನನ್ನ ಮ್ಯಾಲ ಕಾಳಜಿ?"

"ನಿನ್ನ ಮ್ಯಾಲಲ್ಲ. ನಾಳೆ ಅಕಿ ತಿರುಗಿ ಬಂದು ಸುಮ್ಮನ ಕುಂತ್ರ, ಯಾಕ ಸುಮ್ಮನ ಕುಂತಾಳ ಅಂತ ತಿಳಿಯೂದು ಈ ಮನ್ಯಾಗ ನಿನಗೊಬ್ಬವಗ. ಅಲ್ಲೀತನಕಾ ಸಾಯಬ್ಯಾಡ."

ಅವನು ಮೆಟ್ಟಿಲ ಮೇಲೇ ನನ್ನ ಕಡೆ ತಿರುಗಿ ನಿಂತ. ಹಿಂದಿನವರು "ಹತ್ರಿ ಅಜ್ಜಾರ" ಎಂದು ದೂಡಿದರು.

"ಹುಕುಂ ಏನ್ರಿ?" ಎಂದ.

"ಹೂಂ. ಹುಕುಂ."

ಈಗ ದಿನಾ ಮುಂಜಾನೆ ಬೀಡಿಯಿಂದ ಫೋನು ಬರುತ್ತದೆ. "ನುಂಗಿದೆ ವೈನಿ" ಅನ್ನುತ್ತಾನೆ. ನಾನು "ಹೂಂ" ಎಂದು ಇಟ್ಟುಬಿಡುತ್ತೇನೆ. ಬೇರೆ ಮಾತಿಲ್ಲ. ಫೋನು ತಡವಾದ ದಿನ ಒಳ್ಳೊಳ್ಳೆಯ ಬೈಗುಳಗಳನ್ನು ಜೋಡಿಸಿಟ್ಟುಕೊಂಡು ಕಾಯುತ್ತೇನೆ. ಫೋನಿನ ಗಂಟೆ ಆದ ಕೂಡಲೇ, ಏನು ಮಾಡಲಿ, ಒಂದೂ ನೆನಪಾಗುವುದಿಲ್ಲ.