ಚಕಮಕಿ ಕಲ್ಲು ಮತ್ತು ಶನಿವಾರದ ಪೊಂಗಲು

ಹಳೇ ಕಾಲದವರ ಹಾಗೆ ಬೆಟ್ಟ ಹತ್ತುತ್ತೇವೆ ಅಂತ ಯಾರಾದರೂ ಹೊರಟರೆ ಸಾಕು, ದೇವರು ನಗುವುದಕ್ಕೆ ಒಂದಿಷ್ಟು ಒದಗಿಸಿಯೇ ಕಳಿಸುತ್ತಾನೆ. ನಮ್ಮ ಸಾದಲಿ ಕಡೆಯ ಒಂದು ಬೆಟ್ಟಕ್ಕೆ ನಾವು ಮೂವರು ಹಾಗೆ ಹೊರಟಿದ್ದೆವು. ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಸಾಹೇಬರು, ಮತ್ತು ನಾನು. ಪಾಳೇಗಾರರ ಕಾಲದಲ್ಲಿ ಇಲ್ಲದ ಒಂದು ವಸ್ತುವೂ ಜೊತೆಗಿರಬಾರದು ಎಂಬುದು ಮೇಷ್ಟ್ರ ಹಟ. ಬೆಟ್ಟದ ಮೇಲಿನ ದೇವರಿಗೆ ಪೊಂಗಲು ನೈವೇದ್ಯ ಆಗುವವರೆಗೆ ತುತ್ತು ಮುಟ್ಟುವುದಿಲ್ಲ ಎಂಬುದು ನನ್ನ ಶನಿವಾರದ ಹರಕೆ. ಈ ಎರಡೂ ಒಂದೇ ದಿನ ಬಂದದ್ದೇ ತಾಪತ್ರಯ.

ತಪಾಸಣೆ

ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಮೇಷ್ಟ್ರು ಎಲ್ಲರ ಜೇಬು ನೋಡಿದರು. ಫೋನು, ಬೆಂಕಿಪೊಟ್ಟಣ, ಪ್ಲಾಸ್ಟಿಕ್ ಬಾಟಲಿ, ಕೈಗಡಿಯಾರ ಎಲ್ಲ ನನ್ನಾಕೆಯ ವಶವಾದವು. ಸಾಹೇಬರು ಬೂಟು ಬಿಚ್ಚಿ ಹಳ್ಳಿಯ ದಪ್ಪ ಚರ್ಮದ ಚಪ್ಪಲಿ ಮೆಟ್ಟುತ್ತಾ ಕೇಳಿದರು:

"ಮೇಷ್ಟ್ರೇ, ನಿಮ್ಮ ಹಲ್ಲು ಸೆಟ್ಟು ಯಾವ ಪಾಳೇಗಾರಂದು?"

ಮೇಷ್ಟ್ರು ಕೈಯಿಂದ ಬಾಯಿ ಮುಚ್ಚಿಕೊಂಡೇ ಬೆಟ್ಟದ ದಾರಿ ಹಿಡಿದರು.

ಸೋರೆಬುರುಡೆ

ನೀರಿಗೆ ಅಂತ ನಾನೇ ನಮ್ಮ ಅಟ್ಟದಿಂದ ಒಣಗಿದ ಸೋರೆಬುರುಡೆ ಇಳಿಸಿದ್ದೆ. ಅದರಲ್ಲಿ ನನ್ನಾಕೆ ಹೀರೇಬೀಜವನ್ನು ಬೂದಿ, ಬೇವಿನೆಲೆ ಬೆರೆಸಿ ಇಟ್ಟಿದ್ದಳು. ಬೀಜ ಸುರಿದೆ, ತೊಳೆಯುವುದು ಮರೆತೆ. ಅರ್ಧ ಬೆಟ್ಟದಲ್ಲಿ ಸಾಹೇಬರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು.

"ಕಹಿ ಅಂದ್ರೆ ಕಹಿ!"

ಮೇಷ್ಟ್ರೂ ಕುಡಿದರು. ಮುಖ ಹುಳ್ಳಗಾಯಿತು, ಆದರೂ ಬಿಟ್ಟುಕೊಡಲಿಲ್ಲ. "ಆಗಿನ ನೀರು ಹೀಗೇ ಇರ್ತಿತ್ತು ಸಾಹೇಬ್ರೇ" ಅಂದರು. ಅವರ ಮೀಸೆಯ ಮೇಲೆ ಒಂದು ಹೀರೇಬೀಜ ಕೂತಿತ್ತು.

ಸಾಹೇಬರು ಅಂದರು: "ಹಂಗಾದ್ರೆ ಆಗಿನೋರು ಯುದ್ಧದಲ್ಲಿ ಸತ್ತಿಲ್ಲ ಬಿಡಿ."

ಕಂಬಳಿ

ಮೇಲೆ ಕುಳಿರ್ಗಾಳಿ ಬೀಸಿತು. ಮೂವರೂ ಕರಿಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಬಗ್ಗಿ ಬಗ್ಗಿ ಹತ್ತುತ್ತಿದ್ದೆವು. ಎಲ್ಲಿತ್ತೋ ಒಂದು ನಾಯಿ, ಓಡಿ ಬಂತು. ಕಚ್ಚಲಿಲ್ಲ. ಹಿಂದಿನಿಂದ ಬೊಗಳಿ ಬೊಗಳಿ ಪಕ್ಕದ ಇಳಿಜಾರಿಗೆ ಅಟ್ಟಿತು. ಮೇಷ್ಟ್ರು ತಪ್ಪಿಸಿಕೊಳ್ಳಲು ನೋಡಿದರೆ ಅವರನ್ನೇ ಸುತ್ತು ಹಾಕಿ ವಾಪಸು ತಂದಿತು. ನೋಡುತ್ತೇವೆ, ಒಂದು ಕುರಿ ಮಂದೆಯ ನಡುವೆ ನಿಂತಿದ್ದೇವೆ!

ಕುರಿಗಾಹಿ ಬಂದು ಕಂಬಳಿ ಮುಟ್ಟಿ ನೋಡಿದ. "ಇದು ನಮ್ಮ ಕುರಿ ಉಣ್ಣೇನೇ ಸ್ವಾಮಿ, ನಾಯಿ ವಾಸನೆ ಹಿಡಿದೈತೆ. ತಪ್ಪು ತಿಳೀಬೇಡಿ. ಸಂಜೆ ಎಣಿಸುವಾಗ ಮೂರು ಕಮ್ಮಿ ಬರಬಾರ್ದಲ್ಲ ಅಂತ ಅದರ ಚಿಂತೆ."

ಬೆಂಕಿ

ತುದಿ ಮುಟ್ಟುವಾಗ ಸೂರ್ಯ ನೆತ್ತಿ ದಾಟಿದ್ದ. ದೇವರಿಗೆ ಹೂವಿಟ್ಟೆ. ಮೂರು ಕಲ್ಲು ಹೂಡಿ, ಮಡಕೆಯಲ್ಲಿ ಬಂಡೆಯ ದೊಣೆಯ ನೀರು, ಅಕ್ಕಿ, ಹೆಸರುಬೇಳೆ, ಬೆಲ್ಲ ಎಲ್ಲ ಸಿದ್ಧ ಮಾಡಿದೆ. ಬೆಂಕಿ ಒಂದು ಬಾಕಿ. ಮೇಷ್ಟ್ರು ಚಕಮಕಿ ಕಲ್ಲಿಗೆ ಉಕ್ಕಿನ ತುಂಡು ಹೊಡೆದರು. ಕಿಡಿ ಹಾರಿತು, ಹತ್ತಲಿಲ್ಲ. ಕಿಡಿ ಹಿಡಿಯಬೇಕಾದ ಬೂರುಗದ ಅರಳೆ ಅವರ ಸೊಂಟದಲ್ಲಿದ್ದು ಬೆವರಿಗೆ ತೊಯ್ದುಹೋಗಿತ್ತು. ಸಾಹೇಬರು ಹೊಡೆದರು, ಬೆರಳಿಗೆ ಪೆಟ್ಟಾಯಿತು. ನಾನು ಹೊಡೆದೆ, ಕಲ್ಲೇ ಕೈಜಾರಿ ಬಿತ್ತು. ಹೊಟ್ಟೆ ಮಾತ್ರ ಚೆನ್ನಾಗಿಯೇ ಉರಿಯುತ್ತಿತ್ತು.

ಮೇಕೆ ಮೇಯಿಸುತ್ತಿದ್ದ ಅಜ್ಜಿಯೊಬ್ಬಳು ಬೀಡಿ ಸೇದುತ್ತಾ ಬಂದು ನಿಂತಳು. "ಏನ್ರಪ್ಪಾ, ಕಲ್ಲು ಯಾಕೆ ಕುಟ್ತಿದೀರ?"

"ನಿಮ್ಮ ತಾತ ಮುತ್ತಾತ ಹೀಗೇ ಬೆಂಕಿ ಮಾಡ್ತಿದ್ದಿದ್ದು ಅಜ್ಜೀ" ಅಂದರು ಮೇಷ್ಟ್ರು.

"ನಮ್ಮ ತಾತನಿಗೇನು ಬುದ್ಧಿ ಇರಲಿಲ್ವಾ? ಪಕ್ಕದ ಮನೆಗೋಗಿ ಒಂದು ಕೆಂಡ ಇಸ್ಕೊಂಡು ಬರ್ತಿದ್ದ."

ಮೇಷ್ಟ್ರು ಎದ್ದೇ ನಿಂತರು. "ಸರಿಯಾಯ್ತು! ಅದೂ ಹಳೇ ಪದ್ಧತೀನೇ! ಅಜ್ಜೀ, ಈಗ ನೀವೇ ನಮ್ಮ ಪಕ್ಕದ ಮನೆ. ಆ ಬೀಡಿ ಕೊಡಿ." ಆ ಬೀಡಿಯನ್ನು ಅವಳು ಯಾವುದರಿಂದ ಹಚ್ಚಿದಳು ಅಂತ ಮೇಷ್ಟ್ರು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆದರೆ ನನ್ನ ಜೀವ ಒಪ್ಪಲಿಲ್ಲ. "ಬೇಡ ಮೇಷ್ಟ್ರೇ. ದೇವರ ನೈವೇದ್ಯ ಅದು. ಬೀಡಿ ಎಂಜಲು."

ಅಜ್ಜಿ ಬಾಯಿಂದ ಬೀಡಿ ತೆಗೆದು ನನ್ನ ಮೂಗಿನ ಮುಂದೆ ಅಡ್ಡಡ್ಡ ಹಿಡಿದಳು.

"ಎಂಜಲು ಈ ತುದೀಲೈತೆ, ಬೆಂಕಿ ಆ ತುದೀಲೈತೆ. ನಿಂಗೆ ಯಾವ ತುದಿ ಬೇಕಪ್ಪಾ?"

ನಾನು ಶಾಸ್ತ್ರ ಯೋಚಿಸುವುದರೊಳಗೆ ಹೊಟ್ಟೆ ಗುರ್ ಎಂದಿತು. ಅಜ್ಜಿ ಅದನ್ನೇ ಉತ್ತರ ಅಂತ ತಿಳಿದು ಒಲೆಗೆ ಬೆಂಕಿ ಹಚ್ಚಿದಳು.