ಹೂವು ಎಡಕ್ಕೆ ಬಿದ್ದ ದಿನ

ನಮ್ಮ ಸೋದರಮಾವ ಹನುಮಪ್ಪ ದೇವರನ್ನು ಕೇಳದೆ ಸೀನುತ್ತಲೂ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಸೀನು ಹೇಳಿ ಕೇಳಿ ಬರುವುದಿಲ್ಲವಲ್ಲ, ಅದೊಂದನ್ನು ಬಿಡಿ. ಉಳಿದದ್ದಕ್ಕೆಲ್ಲ ಅಪ್ಪಣೆ ಬೇಕು! ಓಣಿಯ ಗುಡಿಗೆ ಹೋಗಿ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕೂತುಬಿಡುತ್ತಿದ್ದ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ.

ಕಲ್ಯಾಣದ ಸಂತೆಯಿಂದ ಹಾಗೆಯೇ ಹೂವು ಕೇಳಿ ಒಂದು ಎತ್ತು ತಂದ. ನೊಗ ಹೂಡಿದರೆ ಹೊಲದಲ್ಲೇ ಮಲಗುತ್ತಿತ್ತು. "ಭಾಳ ಶಾಂತ ಸ್ವಭಾವ ಅದರದು" ಎನ್ನುತ್ತಿದ್ದ! ಅತ್ತೆ ರೇಗಿ, "ನನ್ನ ಲಗ್ನಕ್ಕೂ ಕೇಳಿದ್ರೇನು?" ಎಂದಳು.

"ಕೇಳಿದ್ದೆ. ಬಲಕ್ಕ ಬಿತ್ತು."

"ದೇವರೂ ಒಮ್ಮೊಮ್ಮೆ ತಪ್ತಾನ ನೋಡ್ರಿ!"

ನಗುವುದೆಲ್ಲ ಅಲ್ಲಿಗೆ ಮುಗಿಯಿತು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಮ್ಮ ಹುಮನಾಬಾದಿನಲ್ಲಿ ಪಲ್ಲಕ್ಕಿಯ ಬಾಜಾ ಮಸೀದಿಯ ಮುಂದೆ ಬಾರಿಸಬೇಕೋ ಬೇಡವೋ ಎಂಬ ತಂಟೆ ಬಡಿಗೆ ಹಿಡಿಯುವ ತನಕ ಹೋಯಿತು. ಎರಡೂ ಕಡೆಯ ಹಿರಿಯರು ಕೂತು ರಾಜಿಯ ಮಾತಾಡಿದರು: ನಮಾಜಿನ ಹೊತ್ತಿಗೆ ಬಾಜಾ ನಿಲ್ಲಬೇಕು, ಉಳಿದ ಹೊತ್ತು ಯಾರೂ ತಡೆಯಬಾರದು. ಮಸೀದಿ ಓಣಿಯವರು ಕೈ ಎತ್ತಿ ಒಪ್ಪಿದರು. ನಮ್ಮ ಓಣಿಯಲ್ಲಿ ಎತ್ತಿದ ಕೈ, ಎತ್ತದ ಕೈ ಸಮಸಮ. ಉಳಿದದ್ದು ಮಾವನ ಕೈ!

"ಹನುಮಪ್ಪನ್ನ ಕೇಳಿ ನಾಳಿ ಹೇಳ್ತೀನ್ರಿ" ಎಂದುಬಿಟ್ಟ.

ನನ್ನ ಮೈಯೆಲ್ಲ ಉರಿಯಿತು. ನನಗೆ ಮೊದಲ ಬಳೆ ತೊಡಿಸಿದ, ಮಸೀದಿ ಓಣಿಯ ಬಳೆಗಾರ ಚಾಚಾ, ರಾಜಿ ಮುರಿದರೆ ಊರು ಬಿಡಬೇಕೆಂದು ಗಂಟುಮೂಟೆ ಕಟ್ಟಿ ಕೂತಿದ್ದರು. ಅವರ ಸೊಸೆ ದಿನ ತುಂಬಿದ ಬಸುರಿ. ಇಲ್ಲಿ ಇವನಿಗೆ ಹೂವು! ಜಗಳ ತೆಗೆಯುವಾಗ ಯಾರಾದರೂ ದೇವರನ್ನು ಕೇಳಿದ್ದರೇ? ಬಿಟ್ಟುಕೊಡುವ ಹೊತ್ತಿಗೆ ಮಾತ್ರ ಎಲ್ಲರಿಗೂ ಭಕ್ತಿ ಉಕ್ಕುತ್ತದೆ!

ಮರುದಿನ ಬೆಳಿಗ್ಗೆ ನಾನೂ ಗುಡಿಗೆ ಹೋದೆ. ಎಡಗಡೆಯ ಹೂವು ಥಟ್ಟನೆ ಬಿತ್ತು.

"ನಿನ್ನ ಹನುಮಪ್ಪಗ ಹೂವಿನ ಭಾರ ತಿಳೀತದ, ಬಸುರಿ ಭಾರ ತಿಳ್ಯಾಂಗಿಲ್ಲೇನು ಮಾವಾ?" ಎಂದು ಕಿರುಚಿದೆ. ಮಾವ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು ಎದ್ದ. ನೇರ ಚಾವಡಿಗೆ ಹೋದ; ಎಲ್ಲರೂ ನೋಡುತ್ತಿದ್ದಂತೆ ರಾಜಿಗೆ ಕೈ ಎತ್ತಿದ.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ದೇವರು ಬ್ಯಾಡ ಅಂದನಲ್ಲ ಮಾವಾ?"

"ಅಂದಾನ. ಅವನ ಮಾತು ಮೀರೀನಿ, ಪಾಪ ನನಗ ಹತ್ತಲಿ. ಅಂವ ಸಿಟ್ಟಾದ್ರ ಕಾಲ ಹಿಡದು ಬೇಡ್ಕೋತೀನಿ. ಚಾಚಾ ಊರ ಬಿಟ್ಟು ಹೋದ್ರ ಯಾರ ಕಾಲ ಹಿಡೀಲಿ?"

ಹೇಳುತ್ತಲೇ ಗುಡಿಯ ಕಡೆ ತಿರುಗಿ, ರಾಜಿಗೆ ಎತ್ತಿದ್ದ ಕೈಯಿಂದಲೇ ಗಲ್ಲ ಬಡಿದುಕೊಂಡ. ಹುಟ್ಟಿದಾಗಿನಿಂದ ದೇವರ ಮಾತು ಮೀರದವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮನೆ ಬರುವವರೆಗೂ ಬಿಡಲಿಲ್ಲ.